ಸೋಮಪ್ಪನನ್ನು ಕೊಂದ ಗಿರಣಿ ಹೊಗೆ

ಶ್ರಾವಣ ಬಂತೆಂದರೆ ನೇಸರಗಿಯ ಹೆಣ್ಣುಮಕ್ಕಳಿಗೆ ಒಂದೇ ಚಿಂತೆ. ನಾಗರಪಂಚಮಿಯ ಉಂಡೆಗೆ ಹಿಟ್ಟು ಯಾವಾಗ ಆದೀತು? ಶಂಕರೆಪ್ಪನ ಡೀಸೆಲ್ ಗಿರಣಿಯ ಮುಂದೆ ಬೆಳಗಾಗುವುದರೊಳಗೆ ಬುಟ್ಟಿಗಳ ಸಾಲು ನಿಲ್ಲುತ್ತಿತ್ತು.

ಗಿರಣಿ ಬಂದ ಮೇಲೆ ಓಣಿಯ ಬದುಕೇ ಬದಲಾಗಿತ್ತು. ಕೋಳಿ ಕೂಗುವ ಮೊದಲೇ ಎದ್ದು ಬೀಸುವ ಕಷ್ಟ ತಪ್ಪಿತ್ತು. ಉಳಿದ ಹೊತ್ತಿನಲ್ಲಿ ಕೆಲವರು ಎಮ್ಮೆ ಕಟ್ಟಿದರು, ಕೆಲವರು ಸಂತೆಯಲ್ಲಿ ಖಾರಪುಡಿ ಮಾರಿದರು. ಶಂಕರೆಪ್ಪನ ಕೈಯೂ ಗಟ್ಟಿಯಾಯಿತು. ೧೯೭೪ರಲ್ಲಿ ಖಾರ ಕುಟ್ಟಲೆಂದು ಇನ್ನೊಂದು ಇಂಜಿನ್ ತಂದು, ಗಿರಣಿಯ ಅದೇ ಸಣ್ಣ ತಗಡಿನ ಸೂರಿನ ಕೋಣೆಯಲ್ಲಿ ಕೂಡಿಸಿದ. ಇಂಜಿನ್ ನೋಡಿಕೊಳ್ಳುವವನು ಅವನ ತಮ್ಮ ಸೋಮಪ್ಪ. ಹಿಟ್ಟು ತೂಗುವವಳು ಸೋಮಪ್ಪನ ಹೆಂಡತಿ ಸುಂದರವ್ವ.

ಆ ವರ್ಷ ಡೀಸೆಲ್ ಸಿಗುವುದೇ ಕಷ್ಟವಾಗಿತ್ತು. ಶಂಕರೆಪ್ಪ ಅದಕ್ಕೆ ಲಾರಿಯವರು ತೆಗೆದುಹಾಕಿದ ಸುಟ್ಟ ಎಣ್ಣೆ ಬೆರೆಸಿದ. ಹೊಗೆ ಕಪ್ಪಗೆ ಬರತೊಡಗಿತು. ಹೊಸ ಇಂಜಿನ್ನಿನ ಹೊಗೆ ಕೊಳವೆ ಹೊರಗೆ ಹೋಗದೆ ಸೂರಿನ ಕೆಳಗೇ ನಿಂತಿತ್ತು.

ಸೂಜಿ ಹಾಕಲು ಓಣಿಗೆ ಬಂದಿದ್ದ ನರ್ಸ್ ದೇವಕ್ಕ ಅದನ್ನು ನೋಡಿ ನಿಂತಳು.

"ಶಂಕರೆಪ್ಪಣ್ಣ, ಕೊಳವಿ ತಗಡಿನ ಮ್ಯಾಲೆ ಒಯ್ರಿ. ಹೊಗಿ ಒಳಗ ತಿರುಗಾಕ ಹತ್ತೈತಿ."

ಶಂಕರೆಪ್ಪ ನಕ್ಕ. "ನರ್ಸಬಾಯಾರ, ಹೊಗಿ ಎದ್ದರ ಊರು ಬೆಳ್ಯಾಕ ಹತ್ತೈತಿ ಅಂತ ತಿಳೀರಿ. ಮುಂಬಯಿದಾಗ ಎಷ್ಟು ಹೊಗಿ ಐತಿ, ನೋಡೀರೇನು?"

"ಊರು ಬೆಳೀಲಿ. ಮಂದಿ ಉಳೀಬೇಕಲ್ರಿ?"

"ಹಬ್ಬ ಆಗಲಿ, ಎತ್ತರ ಮಾಡಸ್ತೇನಿ."

ಪಂಚಮಿಯ ಹಿಂದಿನ ದಿನ ಗಾಳಿಮಳೆ. ಹಿಟ್ಟು ತೊಯ್ಯಬಾರದೆಂದು ಕಿಟಕಿ ಮುಚ್ಚಿದರು, ಬಾಗಿಲು ಅರ್ಧ ಎಳೆದರು. ಮುಂಜಾನೆಯಿಂದ ಎರಡೂ ಇಂಜಿನ್ ಒಟ್ಟಿಗೇ ನಡೆದವು.

ಊಟದ ಹೊತ್ತಿಗೆ ಸೋಮಪ್ಪ ಹಣೆ ಹಿಡಿದುಕೊಂಡು ಹೊರಗೆ ಬಂದ. "ಅಣ್ಣಾ, ತಲಿ ಗಿರ್ ಅನ್ನಾಕ ಹತ್ತೈತಿ. ಒಂದು ಇಂಜಿನ್ ಬಂದ್ ಮಾಡೂಣೇನು?"

"ನಾಳಿ ಹಬ್ಬ. ಎಷ್ಟು ಮಂದಿ ಕುಂತಾರ ನೋಡು. ಒಂದು ಕಪ್ ಚಾ ಕುಡಿ, ಸರಿ ಆಗತೈತಿ."

ಸೋಮಪ್ಪ ಚಹಾ ಕುಡಿದು ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ಹಿಟ್ಟಿಗೆ ಕಾಯುತ್ತ ಒಳಗೆ ಕುಳಿತಿದ್ದ ಮುದುಕಿ ಕೆಂಚವ್ವ ವಾಂತಿ ಮಾಡಿಕೊಂಡಳು. ಆಕೆಯನ್ನು ಹಿಡಿಯಲು ಎದ್ದ ಬಸುರಿ ರಾಯವ್ವ ಅಲ್ಲೇ ಕುಸಿದಳು. ಬಾಗಿಲ ಬಳಿ ಹಿಟ್ಟು ತೂಗುತ್ತಿದ್ದ ಸುಂದರವ್ವ ಗಂಡನನ್ನು ಕೂಗಿದಳು. ಇಂಜಿನ್ ಸದ್ದಿನಲ್ಲಿ ಉತ್ತರ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಸೋಮಪ್ಪ ಗೋಡೆಗೆ ಒರಗಿ ಬಿದ್ದಿದ್ದ. ಮುಖದ ಮೇಲೆ ಹಿಟ್ಟು ಕೂತಿತ್ತು. ನಿದ್ದೆ ಬಂದವನ ಹಾಗೆ ಕಾಣುತ್ತಿದ್ದ.

ಎಲ್ಲರನ್ನೂ ಎಳೆದು ಹೊರಗೆ ಹಾಕಿದರು. ದೇವಕ್ಕ ಓಡಿಬಂದಳು. ಬಯಲ ಗಾಳಿಗೆ ಕೆಂಚವ್ವ, ರಾಯವ್ವ ಕಣ್ಣು ಬಿಟ್ಟರು. ಸೋಮಪ್ಪ ಬಿಡಲಿಲ್ಲ. ಲಾರಿಯಲ್ಲಿ ಬೈಲಹೊಂಗಲಕ್ಕೆ ಒಯ್ಯುವಾಗ, ಸುಂದರವ್ವನ ತೊಡೆಯ ಮೇಲೆಯೇ ಅವನ ಉಸಿರು ನಿಂತಿತು. ರಾಯವ್ವ ಬದುಕಿದಳು, ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ.

ಆ ಪಂಚಮಿಗೆ ಓಣಿಯಲ್ಲಿ ಯಾರೂ ಹಬ್ಬದ ಜೋಕಾಲಿ ಕಟ್ಟಲಿಲ್ಲ.

ಸೋಮಪ್ಪನ ದಿನಕರ್ಮ ಮುಗಿದ ಮೇಲೆ ದೇವಕ್ಕ ಶಂಕರೆಪ್ಪನ ಮನೆಗೆ ಬಂದಳು. ಶಂಕರೆಪ್ಪ ತಲೆ ಎತ್ತದೆ ಕೇಳಿದ: "ಬೆಂಕಿ ಹತ್ತಲಿಲ್ಲ, ಹೊಡತ ಬೀಳಲಿಲ್ಲ. ನನ್ನ ತಮ್ಮ ಹ್ಯಾಂಗ ಸತ್ತ?"

"ಡೀಸೆಲ್ ಇರಲಿ, ಕಲ್ಲಿದ್ದಲಿರಲಿ, ಕಟ್ಟಿಗಿ ಇರಲಿ, ಅದರಾಗ ಇಂಗಾಲ ಇರತೈತಿ. ಸುಟ್ಟರ ಅದು ಇಲ್ಲದಂಗ ಆಗೂದಿಲ್ಲ ಅಣ್ಣ, ಗಾಳಿ ಸೇರತೈತಿ. ಉರಿಗೆ ಗಾಳಿ ಸಾಲದಿದ್ದರ ವಿಷ ಆಗತೈತಿ. ಆ ವಿಷಕ್ಕ ಬಣ್ಣಿಲ್ಲ, ವಾಸನಿ ಇಲ್ಲ. ಉಸಿರಿನಾಗ ಹೋಗಿ ನೆತ್ತರ ಸೇರಿ ಜೀವ ತಗೀತೈತಿ."

"ಹಂಗಾರ ಹೊರಗ ಬಿಟ್ಟರ ಮುಗೀತಲ್ಲ?"

"ಜೀವ ಉಳಿತೈತಿ. ಹೊಗಿ ಮುಗಿಯೂದಿಲ್ಲ. ನಿಮಗ ಒಂದು ಇಂಜಿನ್ ಇತ್ತು, ಎರಡಾತು. ದೊಡವಾಡದಾಗೂ ಹಂಗ, ಸವದತ್ತಿಯಾಗೂ ಹಂಗ. ಗಳಿಕಿ ಬೆಳದಂಗ ಉರಿ ಬೆಳೀತೈತಿ, ಉರಿ ಬೆಳದಂಗ ಹೊಗಿ. ಎಲ್ಲಾರ ಹೊಗೀನೂ ಒಂದ ಆಕಾಶಕ್ಕ ಹೋಗತೈತಿ. ಅದು ತುಂಬಿ ಭೂಮಿ ಕಾವು ಏರೀತು ಅಂತ ಓದಿದವರು ಅಂಜಾಕ ಹತ್ಯಾರ."

ಶಂಕರೆಪ್ಪ "ಗಿರಣಿ ಮುಚ್ಚಿಬಿಡತೇನಿ" ಎಂದ.

ಮೂಲೆಯಲ್ಲಿದ್ದ ಸುಂದರವ್ವ ಆಗ ಬಾಯಿ ತೆರೆದಳು. "ಮುಚ್ಚಬ್ಯಾಡ್ರಿ ಭಾವಾರ. ಈ ಓಣಿ ಹೆಣ್ಣಮಕ್ಕಳ ಕೈಯಾಗ ಮತ್ತ ಬೀಸೂಕಲ್ಲು ಕೊಡಬ್ಯಾಡ್ರಿ. ಆದ್ರ ಹಂಗ ನಡಸಬ್ಯಾಡ್ರಿ. ಅವರು ಒಂದು ಬಂದ್ ಮಾಡೂಣು ಅಂದಾಗ ನೀವು ಕೇಳಲಿಲ್ಲ."



ಶಂಕರೆಪ್ಪ ಗಿರಣಿಯ ಗೋಡೆ ಒಡೆಸಿ ಎದುರುಬದುರು ಕಿಟಕಿ ಇಡಿಸಿದ. ಕೊಳವೆ ಸೂರಿನ ಮೇಲೆ ಹೋಯಿತು. ಸುಟ್ಟ ಎಣ್ಣೆ ಬಿಟ್ಟ. ಮಿಸ್ತ್ರಿಯನ್ನು ಕರೆಸಿ ಇಂಜಿನ್ ಸರಿಮಾಡಿಸಿದ. ಹಿಟ್ಟಿಗೊಂದು ದಿನ, ಖಾರಕ್ಕೊಂದು ದಿನ ಎಂದು ಗೊತ್ತುಮಾಡಿ, ಒಂದೇ ಇಂಜಿನ್ನಿನಲ್ಲಿ ಎರಡೂ ಕೆಲಸ ಸಾಗಿಸಿದ. ಡೀಸೆಲ್ಲೂ ಕಡಿಮೆ ಹಿಡಿಯಿತು. ಕೆಲಸ ನಿಲ್ಲಲಿಲ್ಲ. ಹಿಟ್ಟು ತೂಗಲು ಸುಂದರವ್ವ ಮಾತ್ರ ಆ ಕೋಣೆಗೆ ಮತ್ತೆ ಕಾಲಿಡಲಿಲ್ಲ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೂ ಗಿರಣಿ ಬರಲಿ, ಪಂಪು ಬರಲಿ. ಆದರೆ ಮುಚ್ಚಿದ ಕೋಣೆಯಲ್ಲಿ ಇಂಜಿನ್ ನಡೆಸಬೇಡಿ, ಇದ್ದಿಲ ಶಿಗಡಿ ಇಟ್ಟು ಬಾಗಿಲು ಹಾಕಬೇಡಿ. ಕಪ್ಪು ಹೊಗೆ ಬಂದರೆ ಎಣ್ಣೆ ದಂಡವಾಗುತ್ತಿದೆ ಎಂದು ತಿಳಿಯಿರಿ. ಇಂಜಿನ್ ರಿಪೇರಿ ಮಾಡಿಸಿರಿ. ಕಡಿಮೆ ಸುಟ್ಟು ಅಷ್ಟೇ ಕೆಲಸ ಆಗುವುದಾದರೆ ಹೆಚ್ಚು ಸುಡಬೇಡಿ. ಇಂಜಿನ್ ಹತ್ತಿರ ನಿಂತವರು "ತಲೆ ತಿರುಗುತ್ತಿದೆ" ಎಂದರೆ ಮೊದಲು ಇಂಜಿನ್ ನಿಲ್ಲಿಸಿ, ಅವರನ್ನು ಹೊರಗೆ ಗಾಳಿಗೆ ಕರೆತನ್ನಿ. ಹಿಟ್ಟು ನಾಳೆಯೂ ಆಗುತ್ತದೆ.