ವಾಕಿಂಗಿಗೆ ಹೋಗುವ ಕಾರುಗಳು

ಆ ಬಡಾವಣೆಯಲ್ಲಿ ಯಾರಾದರೂ ನಡೆದು ಹೋಗುತ್ತಿದ್ದರೆ ಜನ ಕಾರು ನಿಲ್ಲಿಸಿ, ಗಾಡಿ ಕೆಟ್ಟಿದೆಯಾ ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಇನ್ನಷ್ಟು ಕನಿಕರದಿಂದ ನೋಡುತ್ತಿದ್ದರು.

ಕೇಳುವವರನ್ನು ದೂರಿ ಪ್ರಯೋಜನವಿರಲಿಲ್ಲ. ಬಡಾವಣೆಯ ನಕ್ಷೆ ಬರೆದ ಮಹಾನುಭಾವ ಅದನ್ನು ಹಾಗೆಯೇ ಗೀಚಿದ್ದ. ಒಂದು ದೊಡ್ಡ ರಸ್ತೆ, ಅದರಿಂದ ಕವಲೊಡೆದ ಬೀದಿಗಳು, ಪ್ರತಿ ಬೀದಿಯ ತುದಿಗೂ ಕಾರು ತಿರುಗಿಸಿಕೊಳ್ಳಲು ಒಂದು ದುಂಡು ಜಾಗ, ಅದರಾಚೆ ಗೋಡೆ. ಹಿಂದಿನ ಮನೆಯವರು ಮೆಣಸಿನಕಾಯಿ ಹುರಿದರೆ ಇಲ್ಲಿ ಸೀನು ಬರುತ್ತಿತ್ತು. ಅವರ ಬಾಗಿಲು ತಟ್ಟಬೇಕಾದರೆ ಮಾತ್ರ ಪೆಟ್ರೋಲು ಹಾಕಿಸಿಕೊಂಡು ಹೊರಡಬೇಕು. ಇದಕ್ಕೆ ಪ್ರಶಾಂತ ವಾತಾವರಣ ಎಂದು ಹೆಸರು. ಅದನ್ನು ನಂಬಿಯೇ ಎಲ್ಲರೂ ಅಲ್ಲಿ ಮನೆ ಕೊಂಡಿದ್ದರು.

ಕೊನೆಯ ಬೀದಿಯ ಗೋಡೆಯಲ್ಲಿ ಮಾತ್ರ ಒಂದು ಸಂದು ಉಳಿದಿತ್ತು. ಎಂದೋ ಪೈಪು ಹಾಕಲು ಗೋಡೆ ಒಡೆದವರು ಮತ್ತೆ ಕಟ್ಟುವುದನ್ನು ಮರೆತಿದ್ದರು. ಮೈ ಓರೆ ಮಾಡಿ ನುಸುಳಿದರೆ ಆಚೆ ಪಾರ್ಕು, ಪಾರ್ಕು ದಾಟಿದರೆ ಪೇಟೆಬೀದಿ, ಅಲ್ಲಿ ಚಿಕ್ಕಮ್ಮನ ಹೊಲಿಗೆ ಅಂಗಡಿ. ಚಿಕ್ಕಮ್ಮ ಎಂದರೆ ಆ ಬೀದಿಯ ಒಂದು ಮನೆಯಲ್ಲಿ ಸೊಸೆಯೊಡನೆ ಇದ್ದ ಅತ್ತೆಯ ತಂಗಿ.

ಅತ್ತೆಯ ಮಂಡಿಗೆ ಆಪರೇಷನ್ ಆಗಿತ್ತು. ದಿನಾ ನಡೆಯದಿದ್ದರೆ ಕಾಲು ಮರಗಟ್ಟುತ್ತದೆ ಎಂದು ಡಾಕ್ಟರು ಹೆದರಿಸಿ ಕಳಿಸಿದ್ದರು. ಬೀದಿಯಲ್ಲೇ ನಾಲ್ಕು ಸುತ್ತು ಹಾಕಿ ಎಂದು ಸೊಸೆ ಹೇಳಿದರೆ ಅತ್ತೆ, "ಸುಮ್ ಸುಮ್ನೆ ಸುತ್ತೋಕೆ ನಾನೇನು ಗಾಣದ ಎತ್ತಾ?" ಎನ್ನುತ್ತಿದ್ದರು. ತಂಗಿಯ ಅಂಗಡಿಗೆ ಎಂದರೆ ಮಾತ್ರ ತಾವಾಗಿಯೇ ಕೋಲು ಹುಡುಕುತ್ತಿದ್ದರು. ಅಲ್ಲಿ ಕೂತು ಗುಂಡಿ ಹೊಲಿದುಕೊಟ್ಟು, ಗಿರಾಕಿಗಳ ಸೊಂಟದ ಅಳತೆ ಬಗ್ಗೆ ಬೇಡದ ಮಾತಾಡಿ, ತಂಗಿಯಿಂದ ಬೈಸಿಕೊಂಡು ಲವಲವಿಕೆಯಿಂದ ಮನೆಗೆ ಬರುತ್ತಿದ್ದರು. ಮಗ ತೀರಿಹೋದ ಮೇಲೆ ಆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಅವನ ಕಾರು ಹೊದಿಕೆ ಹೊದ್ದು ನಿಂತಿತ್ತು. ಅದನ್ನು ಓಡಿಸಲು ಇಬ್ಬರಿಗೂ ಬರುತ್ತಿರಲಿಲ್ಲ. ಮಾರಲೂ ಬರುತ್ತಿರಲಿಲ್ಲ.

ಬಡಾವಣೆಯ ಸಂಘಕ್ಕೆ ಒಬ್ಬರು ಅಧ್ಯಕ್ಷರಿದ್ದರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಗೇಟಪ್ಪ ಎನ್ನುತ್ತಿದ್ದರು. ಎಲ್ಲಿ ತೆರಪು ಕಂಡರೂ ಅದಕ್ಕೊಂದು ಗೇಟು ಹಾಕಿಸದೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಸಂದಿನಿಂದ ಕಳ್ಳರು ಬರಬಹುದು ಎಂದು ಅವರು ಸಭೆ ಕರೆದರು. ಇದುವರೆಗೆ ಯಾರಾದರೂ ಬಂದಿದ್ದಾರೆಯೇ ಎಂದು ಸೊಸೆ ಕೇಳಿದಳು. ಬಂದಿಲ್ಲ, ನನ್ನ ಅನುಮಾನಕ್ಕೆ ಅದೇ ಕಾರಣ ಎಂದರು ಗೇಟಪ್ಪ. ಸಭೆ ತಲೆದೂಗಿತು. ಅವಳು ಅತ್ತೆಯ ಕಾಲಿನ ಮಾತೆತ್ತಿದಳು.

"ಅದಕ್ಕೇನಮ್ಮ," ಎಂದರು ಗೇಟಪ್ಪ. "ನಾವೆಲ್ಲ ದಿನಾ ಸಾಯಂಕಾಲ ಪಾರ್ಕಿಗೆ ವಾಕಿಂಗ್ ಹೋಗ್ತೀವಲ್ಲ. ಕಾರಲ್ಲಿ ಒಂದು ಸೀಟು ಅವರಿಗೆ ಇಟ್ಟರಾಯ್ತು."

ಅವರ ಮುಖದ ಮೇಲೆ ದಾನಶೂರನ ಕಳೆಯಿತ್ತು. ಪಾರ್ಕು ಇರುವುದು ಅದೇ ಗೋಡೆಯ ಆ ಮಗ್ಗುಲಲ್ಲಿ ಎಂಬುದು ಅಲ್ಲಿದ್ದ ಯಾರಿಗೂ ವಿಚಿತ್ರ ಎನಿಸಲಿಲ್ಲ.

ಸಂದು ಮುಚ್ಚಿತು. ಅಲ್ಲಿಂದ ಶುರುವಾಯಿತು ಸಾಯಂಕಾಲದ ವೈಭವ. ಅದುವರೆಗೆ ಕದ್ದುಮುಚ್ಚಿ ಸಂದಿನಲ್ಲಿ ನುಸುಳುತ್ತಿದ್ದವರೂ ಈಗ ಬಿಳಿ ಬೂಟು ಕಟ್ಟಿ, ನೀರಿನ ಬಾಟಲಿ ಹಿಡಿದು ಕಾರು ಹತ್ತಿದರು. ಬಡಾವಣೆಯ ಬಾಯಿ ಒಂದೇ ಆದ್ದರಿಂದ ಅಲ್ಲಿ ಕಾರುಗಳೆಲ್ಲ ಒಂದರ ಬಾಲಕ್ಕೆ ಒಂದು ಮೂತಿ ಇಟ್ಟು ನಿಂತವು. ಒದ್ದಾಡಿಕೊಂಡು ಊರು ಸುತ್ತಿ ಪಾರ್ಕು ತಲುಪಿದ ಮೇಲೆ, ಬಾಗಿಲ ಹತ್ತಿರದ ಜಾಗಕ್ಕೆ ಕಿತ್ತಾಟ. ದೂರ ನಿಲ್ಲಿಸಿದರೆ ಅಷ್ಟು ದೂರ ನಡೆಯಬೇಕಲ್ಲ.

ಅತ್ತೆ ಸ್ವಲ್ಪ ದಿನ ಗೇಟಪ್ಪನವರ ಹಿಂದಿನ ಸೀಟಿನಲ್ಲಿ ಕೂತು ಹೋದರು. ಪಾರ್ಕಿನಲ್ಲಿ ಇಳಿದು ತಂಗಿಯ ಅಂಗಡಿಯ ಕಡೆ ಹೊರಟರೆ ಸಾಕು, ವಾಪಸು ಹೋಗಲು ಹೊತ್ತಾಯಿತೆಂದು ಹಾರ್ನ್ ಕೂಗುತ್ತಿತ್ತು. ಇಲ್ಲೂ ಗಾಣವೇ ಎಂದು ಹೋಗುವುದನ್ನೇ ಬಿಟ್ಟರು. ಮಂಚದಿಂದ ಕುರ್ಚಿ, ಕುರ್ಚಿಯಿಂದ ಮಂಚ. ಏಳುವಾಗ ಗೋಡೆ ಹಿಡಿಯತೊಡಗಿದರು. ಗೋಡೆಯ ಮೇಲೆ ಅವರ ಅಂಗೈಯ ಗುರುತು ದಿನದಿಂದ ದಿನಕ್ಕೆ ದಟ್ಟವಾಗುವುದನ್ನು ಸೊಸೆ ನೋಡಿದಳು. ಮಂಡಿ ಮಡಚುವುದು ಕಡಿಮೆಯಾಗಿತ್ತು.

ಅಷ್ಟರಲ್ಲಿ ಗೇಟಪ್ಪನವರಿಗೂ ಸುತ್ತು ದಾರಿ ಸಾಕಾಗಿ ಹೋಯಿತು. ಮತ್ತೆ ಸಭೆ. ಗೋಡೆ ಒಡೆಯೋಣ ಎಂದರು. ಸೊಸೆ ತಲೆಯೆತ್ತಿದಳು. ಎರಡು ಕಾರು ಅಕ್ಕಪಕ್ಕ ಹೋಗುವಷ್ಟು ಅಗಲಕ್ಕೆ ಒಡೆದು, ಪಾರ್ಕಿನ ಹುಲ್ಲಿನ ಮೇಲೆ ರಸ್ತೆ ಹಾಯಿಸಿ, ಉಳಿದ ಹುಲ್ಲಿನಲ್ಲಿ ಕಾರು ನಿಲ್ಲಿಸಲು ಜಾಗ ಮಾಡಿದರೆ ನಡೆಯುವವರಿಗೆ ಬಹಳ ಅನುಕೂಲ ಎಂದು ಅವರು ವಿವರಿಸಿದರು. ಕಳ್ಳರ ಸಂಗತಿ ಏನಾಯಿತು ಎಂದು ಕೇಳಿದಳು. ಕಳ್ಳರು ನುಸುಳುವುದು ಸಂದಿನಲ್ಲಿ, ಇದು ರಸ್ತೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸೊಸೆಗೆ ನಗು ಬಂತು. ಬಹಳ ಕಾಲದ ಮೇಲೆ ಬಂದ ನಗು ಇಂಥದಕ್ಕೆ ಖರ್ಚಾಯಿತಲ್ಲ ಎಂದು ಬೇಸರವೂ ಆಯಿತು.

ದಾರಿ ತೆರೆದ ದಿನ ಅವಳು ಕೋಲು ತಂದು ಅತ್ತೆಯ ಮುಂದೆ ಇಟ್ಟಳು. ಚಿಕ್ಕಮ್ಮನ ಅಂಗಡಿಯಲ್ಲಿ ಗುಂಡಿ ಹೊಲಿಯುವ ಕೆಲಸ ರಾಶಿ ಬಿದ್ದಿದೆಯಂತೆ, ಅಕ್ಕ ಸೋಮಾರಿಯಾದಳು ಎಂದು ಬೈಯುತ್ತಿದ್ದಾರಂತೆ ಎಂದಳು.

"ಅವಳ್ಯಾವಳು ನನ್ನ ಸೋಮಾರಿ ಅನ್ನೋಕೆ," ಎಂದು ಅತ್ತೆ ಮುಲುಕುತ್ತ ಎದ್ದರು.

ಹೊಸ ರಸ್ತೆಯಲ್ಲಿ ಕಾಲುದಾರಿ ಮಾಡುವುದು ಯಾರಿಗೂ ಹೊಳೆದಿರಲಿಲ್ಲ. ಇಬ್ಬರೂ ನಡುವಿನಲ್ಲೇ ಹೊರಟರು. ಗೋಡೆಯ ಬಾಯಿ ದಾಟುವಷ್ಟರಲ್ಲಿ ಹಿಂದಿನಿಂದ ಹಾರ್ನ್. ಗೇಟಪ್ಪನವರು ಗಾಜು ಇಳಿಸಿದರು. ಅವರ ಹಿಂದೆ ಕಾರುಗಳ ಸಾಲು ಬೆಳೆಯುತ್ತಿತ್ತು.

"ಅಮ್ಮಾ, ಸ್ವಲ್ಪ ಪಕ್ಕಕ್ಕೆ ಬನ್ನಿ. ನಾವು ವಾಕಿಂಗಿಗೆ ಹೋಗಬೇಕು."

ಅತ್ತೆ ನಿಂತು, ನಿಧಾನವಾಗಿ ಇಡೀ ಮೈ ತಿರುಗಿಸಿ ನೋಡಿದರು. "ನಾನೂ ಅದಕ್ಕೇ ಹೊರಟಿರೋದಪ್ಪ. ಇಳಿದು ಬಾ, ಜೊತೆಗೆ ಹೋಗೋಣ."

ಯಾರೂ ಇಳಿಯಲಿಲ್ಲ. ಅತ್ತೆ ಪಕ್ಕಕ್ಕೂ ಸರಿಯಲಿಲ್ಲ. ಕೋಲು ಊರಿ ಒಂದು ಹೆಜ್ಜೆ, ನಿಂತು ಉಸಿರು, ಮತ್ತೊಂದು ಹೆಜ್ಜೆ. ಬಿಳಿ ಬೂಟುಗಳನ್ನು ಹೊತ್ತ ಕಾರುಗಳೆಲ್ಲ ಆ ಕೋಲಿನ ಹಿಂದೆ ಪಾರ್ಕಿನೊಳಗೆ ತೆವಳಿ ಬಂದವು.

ತುಂಬಾ ನೋವಿದೆಯಾ ಎಂದು ಸೊಸೆ ಮೆಲ್ಲಗೆ ಕೇಳಿದಳು.

"ಇದೆ," ಎಂದರು ಅತ್ತೆ. "ಇನ್ನೂ ಸ್ವಲ್ಪ ನಿಧಾನ ಹೋಗೋಣ."