ಹಡಗು ಹತ್ತಿ ಬಂದ ಬೋಗುಣಿ

ನಾನು ಒಂದು ಹಿತ್ತಾಳೆಯ ಬೋಗುಣಿ. ಒಲೆಯ ಮೇಲೆ ಕೂತು ಎಷ್ಟೋ ಕಾಲವಾಯಿತು, ಆದರೂ ನನ್ನ ಕಾವು ಇಳಿದಿಲ್ಲ. ತಣ್ಣನೆಯ ಕಥೆ ಬೇಕಾದವರು ಪಕ್ಕದ ಕಪಾಟಿನ ಬೆಳ್ಳಿ ತಟ್ಟೆಯನ್ನು ಕೇಳಿ. ಅದು ಯಾರ ಮನಸ್ಸಿಗೂ ನೋವಾಗದ ಹಾಗೆ ಮಾತಾಡುತ್ತದೆ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಕಂಚಗಾರ ಗಲ್ಲಿಯಲ್ಲಿ. ಸುತ್ತಿಗೆಯ ಏಟು ತಿಂದು ತಿಂದೇ ಹೊಟ್ಟೆ ಉಬ್ಬಿತು, ಕಂಠ ಮೂಡಿತು. ಒಳಗೆ ಕಲಾಯಿ ಮಾಡಿಸಿಕೊಂಡು ಅಂಗಡಿಯಲ್ಲಿ ಕೂತಿದ್ದಾಗ ಧಾರವಾಡದ ಅಡಿಗೆಯ ಬಿಂದಪ್ಪ ಬಂದ. ಆಗಷ್ಟೇ ಮದುವೆಯಾಗಿತ್ತು. ಬೆರಳ ಗೆಣ್ಣಿನಿಂದ ನನ್ನನ್ನು ಬಡಿದು ನಾದ ಕೇಳಿದ, ತಲೆಯಾಡಿಸಿದ, ನನ್ನ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಂಡತಿಯ ಹೆಸರು ಕೊರೆಸಿದ. ಅಂಬಕ್ಕ.

ಅಂಬಕ್ಕ ಬಹಳ ದಿನ ಬಾಳಲಿಲ್ಲ. ಚೊಚ್ಚಲ ಹೆರಿಗೆಯಲ್ಲಿ ಮಗುವಿನ ಜೊತೆಗೇ ಹೋದಳು. ಬಿಂದಪ್ಪ ಮತ್ತೆ ಮದುವೆಯಾಗಲಿಲ್ಲ. ನನ್ನನ್ನು ಬೇರೆಯವರ ಕೈಗೆ ತೊಳೆಯಲೂ ಕೊಡಲಿಲ್ಲ. ಮದುವೆ, ಮುಂಜಿ, ಮಠದ ಆರಾಧನೆ, ಎಲ್ಲಿ ಅಡಿಗೆಗೆ ಹೋದರೂ ಒಗ್ಗರಣೆಗೆ ನಾನೇ ಬೇಕು. ಅವನ ಸಾರು ಬಂತೆಂದರೆ ದೊಡ್ಡ ದೊಡ್ಡ ಆಚಾರ್ಯರೂ ಎರಡನೇ ಸಲ ದೊನ್ನೆ ಒಡ್ಡುತ್ತಿದ್ದರು. ಅವನಿಗೆ ಆಸ್ತಿಯೆಂದರೆ ಅದೊಂದೇ: ಅವನ ಕೈಯ ಅಡಿಗೆಯನ್ನು ಊರು ಉಣ್ಣುತ್ತಿತ್ತು.

ಇಂಥವನನ್ನು ವಕೀಲ ಸ್ವಾಮಿರಾವ್ ಕೊಣ್ಣೂರರು ಒಂದು ದಿನ ಕರೆಸಿದರು. ಆ ಕಾಲದಲ್ಲಿ ವಿಲಾಯತಿಗೆ ಹೋಗಿ ಬಂದವರೆಲ್ಲ ಪ್ರವಾಸದ ಪುಸ್ತಕ ಬರೆಯುತ್ತಿದ್ದರು. ಪುಸ್ತಕ ಬರೆಯಬೇಕೆಂದೇ ವಿಲಾಯತಿಗೆ ಹೊರಟವರು ನಮ್ಮ ರಾಯರು. ಆದರೆ ಸಮುದ್ರ ದಾಟಿದರೆ ಜಾತಿ ಹೋಗುತ್ತದೆ. ಅದಕ್ಕೆ ರಾಯರ ಉಪಾಯ, ಸ್ವಂತ ಅಡಿಗೆಯವನು, ಸ್ವಂತ ಒಲೆ. ಹೆರವರ ಅನ್ನ ಮುಟ್ಟದಿದ್ದರೆ ತಿರುಗಿ ಬಂದ ಮೇಲೆ ಸಣ್ಣ ಪ್ರಾಯಶ್ಚಿತ್ತದಲ್ಲಿ ಮುಗಿಯುತ್ತದೆ.

ಬಿಂದಪ್ಪ ಬಾಗಿಲಲ್ಲೇ ನಿಂತು ಕೇಳಿದ. "ನಾನೂ ದಾಟಿಧಂಗ ಆತಲ್ರೀ ರಾಯರ. ಆಮ್ಯಾಲ ನನ್ನ ಕೈಲೆ ಯಾರ ಉಣತಾರ್ರಿ?"

"ಹುಚ್ಚ ಇದ್ದೀ ಬಿಂದಪ್ಪ. ನನಗ ಆದದ್ದ ನಿನಗೂ ಆಗ್ತದ. ಒಂದ ಹೋಮ, ಇಬ್ಬರೂ ಕೂಡೋಣ. ನಿನ್ನ ಭಾರ ನಂದು."

ಆ ಮಾತನ್ನು ನಂಬಿ ಅವನು ಹೊರಟ. ಜೊತೆಗೆ ನನ್ನನ್ನೂ ಹಳೆಯ ಪಂಚೆಯಲ್ಲಿ ಕಟ್ಟಿಕೊಂಡ.

ಮುಂಬಯಿಯಲ್ಲಿ ಹಡಗು ಹತ್ತಿದೆವು. ರಾಯರಿಗೆ ಮೇಲೆ ಕಿಟಕಿಯಿದ್ದ ಕೋಣೆ. ನಮಗೆ ಹಿಂಭಾಗದ ಡೆಕ್ಕಿನ ಮೂಲೆ, ಅದೂ ಕೋಳಿಗಳ ಪಂಜರದ ಮಗ್ಗುಲಿಗೆ. ಮಡಿಯ ಅಡಿಗೆಯವನಿಗೆ ಎಂಥ ನೆರೆಮನೆ ನೋಡಿ. ಬಿಂದಪ್ಪ ಒಂದು ಗೋಣಿ ತಟ್ಟನ್ನು ಅಡ್ಡ ಕಟ್ಟಿ, ಊರಿಂದ ತಂದ ನೀರಿನ ಪೀಪಾಯಿ ಇಟ್ಟು, ಇದ್ದಿಲಿನ ಶೇಗಡಿ ಹೊತ್ತಿಸಿದ. ಹಡಗು ಹೊಯ್ದಾಡಿದಾಗ ನಾನು ಜಾರಿ ಹೋಗಿ ಕಬ್ಬಿಣದ ಕಂಬಕ್ಕೆ ಬಡಿದೆ. ತಳದಲ್ಲಿ ಆದ ತಗ್ಗು ಇನ್ನೂ ಇದೆ. ಆಮೇಲೆ ಅವನು ನನ್ನನ್ನು ಹಗ್ಗದಿಂದ ಬಿಗಿದ. ಹಗ್ಗ ಸಾಲದಾದಾಗ ಕೈಯಲ್ಲೇ ಹಿಡಿದು ಕೂತ. ಮೊಣಕೈವರೆಗೆ ಬೊಬ್ಬೆ ಎದ್ದವು. ಮೇಲೆ ರಾಯರು ಹಾಸಿಗೆ ಹಿಡಿದಿದ್ದರು, ಅವನಿಗೂ ವಾಂತಿ, ತಲೆ ಸುತ್ತು. ಆದರೂ ಹೊತ್ತಿಗೆ ಸರಿಯಾಗಿ ರಾಯರಿಗೆ ಗಂಜಿ ಹೋಗುತ್ತಿತ್ತು.

ಏಡನ್ ದಾಟಿದ ಮೇಲೆ ಸಮುದ್ರ ಸುಮ್ಮನಾಯಿತು. ರಾಯರು ಎದ್ದು ಓಡಾಡತೊಡಗಿದರು, ಅವರಿಗೆ ಹಡಗಿನಲ್ಲಿ ಗೆಳೆಯರಾದರು, ನಗು ಕೇಳಿಸಿತು. ಒಂದು ಮಧ್ಯಾಹ್ನ ಬಿಂದಪ್ಪ ಅನ್ನ ಒಯ್ದರೆ "ಇವತ್ತ ಹಸಿವಿಲ್ಲೋ" ಅಂದರು. ಮರುದಿನವೂ ಹಸಿವಿಲ್ಲ. ಊಟ ಬಿಟ್ಟವರ ಮುಖ ಅಷ್ಟು ತುಂಬಿಕೊಳ್ಳುವುದು ಹೇಗೆ? ಬಿಂದಪ್ಪನಿಗೆ ಚಿಂತೆಯಾಯಿತು, ಲಿಂಬಿಹುಳಿ ಸಾರು ಮಾಡಿ ಮತ್ತೆ ನನ್ನನ್ನೇ ಎತ್ತಿಕೊಂಡು ಹೋದ. ದೊಡ್ಡ ಊಟದ ಕೋಣೆಯ ಕಿಟಕಿಯಲ್ಲಿ ಇಬ್ಬರೂ ನೋಡಿದೆವು. ರಾಯರು ಬಿಳಿಯ ಬಟ್ಟೆ ಹಾಸಿದ ಮೇಜಿನ ಮುಂದೆ ಕೂತು ಮುಳ್ಳುಚಮಚದಿಂದ ಉಣ್ಣುತ್ತಿದ್ದರು. ಏನನ್ನು ಎಂದು ನಾನು ಹೇಳುವುದಿಲ್ಲ. ನನ್ನೊಳಗೆ ಎಂದೂ ಬೇಯದ್ದು.

ಬಿಂದಪ್ಪ ತಿರುಗಿ ಬಂದು ಗೋಣಿ ತಟ್ಟಿನ ಹಿಂದೆ ಕೂತ. ನನ್ನ ಕಂಠದ ಮೇಲಿನ ಹೆಸರನ್ನು ಹೆಬ್ಬೆರಳಿಂದ ಒರೆಸಿ, "ನಾಳಿಂದ ಒಂದ ಮುಷ್ಟಿ ಅಕ್ಕಿ ಸಾಕ ನೋಡ" ಅಂದ. ಹೋಗುವಾಗ, ವಿಲಾಯತಿಯಲ್ಲಿದ್ದಾಗ, ಬರುವಾಗ, ಆ ಒಂದು ಮುಷ್ಟಿಯನ್ನೇ ಬೇಯಿಸಿಕೊಂಡು ಮಡಿಯಲ್ಲಿ ಉಂಡವನು ಬಿಂದಪ್ಪನೊಬ್ಬನೇ. ರಾಯರ ನೇಮವನ್ನು ರಾಯರ ಬದಲು ಅವನು ನಡೆಸಿದ.

ಧಾರವಾಡಕ್ಕೆ ಬಂದೆವು. ರಾಯರ ಪಡಸಾಲೆಯಲ್ಲಿ ಹಿರಿಯರು ಸೇರಿದರು. ಎಲ್ಲರಿಗಿಂತ ಹಿರಿಯ ಆಚಾರ್ಯರು ಕೇಳಿದರು. "ಹಡಗಿನ್ಯಾಗ ಅನ್ನ ನೀರು ಹೆಂಗ ನಡೀತು, ಸ್ವಾಮಿರಾಯ?"

"ಒಂದ ಅಗಳ ಹೆರವರದ್ದ ಮುಟ್ಟಿಲ್ರಿ ಆಚಾರ್ಯರ. ನಾ ಮ್ಯಾಲಿನ ಖೋಲಿ ಬಿಟ್ಟ ಹೊರಗ ಬಂದವನಲ್ಲ. ಹಡಗಿನ ಖಲಾಸಿಗಳ ಕೂಡ, ಕೋಳಿ ಪಂಜರದ ಮಗ್ಗಲಕ್ಕ ಇದ್ದಾಂವಾ ಬಿಂದಪ್ಪ. ಏನರೆ ಮೈಲಿಗಿ ಆಗಿದ್ದರ ಅಂವಗ ಆಗಿರಬೇಕು."

ನನ್ನನ್ನು ಕಂಕುಳಲ್ಲಿಟ್ಟುಕೊಂಡು ಅಂಗಳದಲ್ಲಿ ನಿಂತಿದ್ದ ಬಿಂದಪ್ಪ ಇದನ್ನು ಕೇಳಿದ. ಹಿರಿಯರು ತೀರ್ಪು ಕೊಟ್ಟರು. ರಾಯರಿಗೆ ಪಂಚಗವ್ಯ, ಹೋಮ, ಬ್ರಾಹ್ಮಣ ಭೋಜನ. ಪಾತ್ರೆಗಳಿಗೆ ಹುಣಸೇಹಣ್ಣು, ಬೂದಿ, ಬೆಂಕಿ. ಬಿಂದಪ್ಪ ಕಾಶಿಗೆ ಹೋಗಿ ಬರಲಿ, ಆಮೇಲೆ ನೋಡೋಣ. ಮಂದಿಯ ಒಲೆಯ ಮುಂದೆ ಬದುಕಿದವನು ಯಾವ ದುಡ್ಡಿನಲ್ಲಿ ಕಾಶಿಗೆ ಹೋಗುತ್ತಾನೆ?

ಅಡಿಗೆಯವನಿಗೆ ಮೈಲಿಗೆಯಾಗಿದ್ದರೆ ಅವನ ಅಡಿಗೆ ಉಂಡವನಿಗೆ ಆಗಲಿಲ್ಲವೇ? ಅಷ್ಟು ಶಾಸ್ತ್ರ ಓದಿದವರಲ್ಲಿ ಒಬ್ಬನಿಗೂ ಇದು ಹೊಳೆಯಲಿಲ್ಲ. ನಾನು ಬರೀ ಬೋಗುಣಿ, ನನಗೆ ಹೊಳೆಯಿತು.

ಬಿಂದಪ್ಪ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ರಾಯರ ಮುಖ ನೋಡಿದ, ರಾಯರು ಪಂಚಾಂಗ ನೋಡಿದರು. ಉಂಡ ಮನೆಯ ಗಳ ಎಣಿಸಬಾರದು ಎಂದು ಅವನು ಬಾಯಿ ಮುಚ್ಚಿಕೊಂಡ. ಉಂಡವರು ಯಾರು, ಉಣ್ಣಿಸಿದವನು ಯಾರು? ಈ ಒಂದು ವಿಷಯಕ್ಕೆ ನನಗೆ ಅವನ ಮೇಲೂ ಸಿಟ್ಟಿದೆ.

ನನ್ನನ್ನು ತಿಕ್ಕಿದರು, ಬೆಂಕಿಗೆ ಹಿಡಿದರು, ಹೊಸ ಕಲಾಯಿ ಮಾಡಿಸಿದರು, ಶುದ್ಧವಾಯಿತು ಅಂದರು. ಭೋಜನದ ದಿನ ಅಡಿಗೆ ಮನೆಯಲ್ಲಿ ಹೊಸಬರು ತಡಬಡಾಯಿಸಿದರು. ಆಗ ಬಿಂದಪ್ಪನನ್ನು ಕರೆಸಿದರು. ಒಳಗಲ್ಲ, ಹಿತ್ತಿಲ ಗೋಡೆಯ ಆಚೆಗೆ. ಅವನು ಅಲ್ಲಿ ನಿಂತು ವಾಸನೆಯ ಮೇಲೆಯೇ "ಇಂಗ ಕಡಿಮಿ ಆಗೇದ, ಬೆಲ್ಲ ಈಗ ಬ್ಯಾಡ" ಎಂದು ಕೂಗಿ ಹೇಳಿದ. ಅವನ ನಾಲಿಗೆ ಬೇಕಿತ್ತು, ಕೈ ಬೇಡವಾಗಿತ್ತು. ಊಟದ ಹೊತ್ತಿಗೆ ಅವನಿಗೆ ದನದ ಕೊಟ್ಟಿಗೆಯ ಹತ್ತಿರ ಎಲೆ ಹಾಕಿದರು. ಆ ಎಲೆಯ ಮುಂದೆ ಅವನು ಕೂಡಲಿಲ್ಲ.

ಎಲ್ಲರೂ ಉಂಡು ಹೋದ ಮೇಲೆ ಹಿತ್ತಿಲ ಬಾಗಿಲಿಗೆ ಬಂದ. ರಾಯರ ಹೆಂಡತಿ ಯಮುನಾಬಾಯಿ ನನ್ನನ್ನು ಬೋರಲು ಹಾಕುತ್ತಿದ್ದರು.

"ಬಾಯಾರ, ನನ್ನ ಬೋಗೋಣಿ ಕೊಟ್ಟಬಿಡ್ರಿ. ಹೋಗತೀನಿ."

ಆಕೆ ಕೆಟ್ಟವರಲ್ಲ. ಆದರೆ ಅವನು ಕೈ ಚಾಚಿದ ಕೂಡಲೇ ಹಿಂದೆ ಸರಿದರು. "ಅದು ಶುದ್ಧ ಆಗೇದೋ ಬಿಂದಪ್ಪ. ಈಗ ದೇವರ ಅಡಿಗಿಗೆ ಇಟ್ಟೇವಿ. ನೀ ಮುಟ್ಟಬ್ಯಾಡ."

ಚಾಚಿದ ಕೈ ಹಾಗೇ ನಿಂತಿತು. ಅದರ ಮೇಲಿನ ಬೊಬ್ಬೆಯ ಕಲೆಗಳು ನನ್ನನ್ನು ಹಿಡಿದು ಆದವು.

"ಇರಲಿ ಬಿಡ್ರಿ," ಅಂದ. "ನಮ್ಮದೊಂದಕ್ಕರೆ ಒಳಗ ಜಾಗಾ ಸಿಕ್ತಲ್ಲ."

ಮತ್ತೆ ನಾನು ಅವನನ್ನು ನೋಡಲಿಲ್ಲ. ಗದಗಿನ ಒಂದು ಖಾನಾವಳಿಗೆ ಹೋದನಂತೆ. ಅಲ್ಲಿಗೂ ಸುದ್ದಿ ಮುಟ್ಟಿತ್ತು, ಒಲೆಯ ಹತ್ತಿರ ಬಿಡಲಿಲ್ಲ, ಕಡೆಯವರೆಗೂ ಎಂಜಲೆಲೆ ಎತ್ತಿದನಂತೆ. ಅಡಿಗೆ ಮನೆಯ ಹೆಂಗಸರು ಉಪ್ಪಿನಕಾಯಿ ಹಾಕುತ್ತಾ ಇದನ್ನು ಹೇಳಿಕೊಂಡರು. ನಾನು ಬೋರಲಾಗಿ ಬಿದ್ದು ಕೇಳಿದೆ.

ಪುಸ್ತಕ ಅಚ್ಚಾಯಿತು. ರಾಯರು ಪಡಸಾಲೆಯಲ್ಲಿ ಗೆಳೆಯರಿಗೆ ಓದಿ ಹೇಳಿದರು. ಹಾರುವ ಮೀನು ಬಂತು, ಸೂರ್ಯಾಸ್ತ ಬಂತು. "ನನ್ನ ಒಲೆ, ನನ್ನ ಪಾತ್ರೆ, ನನ್ನ ಕೈಯ ಅಡಿಗೆ, ಒಂದು ದಿನವೂ ನೇಮ ತಪ್ಪಲಿಲ್ಲ" ಎಂಬುದೂ ಬಂತು. ಕಪ್ತಾನನ ನಾಯಿಯ ಬಗ್ಗೆ ಇಡೀ ಒಂದು ಪುಟ, ಹೆಸರು ಸಮೇತ. ಬಿಂದಪ್ಪನ ಹೆಸರು ಬರುತ್ತದೆಂದು ಕಡೆಯ ಪುಟದವರೆಗೂ ಕಾದೆ. ಬರಲಿಲ್ಲ.

ರಾಯರು ಹೋದರು, ಮಕ್ಕಳು ಹೋದರು. ಸ್ಟೀಲು ಬಂದ ಮೇಲೆ ನಾನು ಅಟ್ಟ ಸೇರಿದೆ. ಮೊಮ್ಮಗ ನನ್ನನ್ನು ಇಳಿಸಿ, ರಾಯರ ಹೆಸರಿನ ಈ ವಾಚನಾಲಯಕ್ಕೆ ಕೊಟ್ಟ. ಈಗ ಗಾಜಿನ ಕಪಾಟಿನಲ್ಲಿದ್ದೇನೆ, ಪಕ್ಕದಲ್ಲಿ ಆ ಪುಸ್ತಕ. ಮುಂದೆ ಒಂದು ಚೀಟಿ: "ರಾಯರು ಹಡಗಿನಲ್ಲಿ ಸ್ವಹಸ್ತದಿಂದ ಅಡಿಗೆ ಮಾಡಿಕೊಂಡ ಪಾತ್ರೆ. ಮುಟ್ಟಬಾರದು." ಬಂದವರು ಓದುತ್ತಾರೆ, ಕೈ ಮುಗಿಯುತ್ತಾರೆ, ಹೋಗುತ್ತಾರೆ.

ನನ್ನನ್ನು ಇಟ್ಟವರು ಅಂಬಕ್ಕನ ಹೆಸರಿನ ಕಡೆಯನ್ನು ಗೋಡೆಗೆ ಮಾಡಿ ಇಟ್ಟಿದ್ದಾರೆ. ಬೇಕೆಂದು ಇಟ್ಟರೋ, ಗೊತ್ತಾಗದೆ ಇಟ್ಟರೋ, ನನಗೆ ಎರಡೂ ಒಂದೇ. ನಿಮ್ಮ ನಮಸ್ಕಾರ ನನಗೆ ಬೇಡ. ಒಬ್ಬರಾದರೂ ಗಾಜು ಸರಿಸಿ, ಆ ಚೀಟಿಯನ್ನು ಮೀರಿ ನನ್ನನ್ನು ಮುಟ್ಟಿ, ಹೆಸರು ಕಾಣುವ ಹಾಗೆ ಈ ಕಡೆಗೆ ತಿರುಗಿಸಿ ಇಡಿ.