ಶ್ರೀ ಓಬಳೇಶನವರು

"ಯಾರಪಾ ಇವ್ರು?"

ಈರಮ್ಮ ಯಾರನ್ನೂ ಉದ್ದೇಶಿಸಿ ಕೇಳಲಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯ ಗೇಟಿಗೆ ಕಟ್ಟಿದ್ದ ಫ್ಲೆಕ್ಸಿನ ಕೆಳಗೆ ನಿಂತು, ಸೆರಗಿನಿಂದ ಬಿಸಿಲು ಮರೆಮಾಡಿಕೊಂಡು, ಮೇಲೆ ನೋಡಿ ಕೇಳಿದಳು. ಫ್ಲೆಕ್ಸಿನಲ್ಲಿ ಕೋಟು ತೊಟ್ಟ ಗಂಡಸೊಬ್ಬ ನಗುತ್ತಿದ್ದ. ಹಣೆಗೆ ಮೂರು ಬೆರಳು ವಿಭೂತಿ, ಕೊರಳಿಗೆ ಟೈ, ಬೆನ್ನ ಹಿಂದೆ ಹಿಮಾಲಯ.

ಅವನು ಅವಳ ಗಂಡ.

ಮುಖವನ್ನು ಆಧಾರ್ ಕಾರ್ಡಿನಿಂದ ತೆಗೆದಿದ್ದರು. ಕೋಟು ಯಾರದೋ, ನಗು ಇನ್ಯಾರದೋ. ಬದುಕಿದ್ದಾಗ ಅವನ ಮೈಮೇಲೆ ಇದ್ದದ್ದು ಒಂದು ಚಡ್ಡಿ, ಒಂದು ಹರಕು ಬನಿಯನ್, ಹೆಗಲಿಗೆ ಗೋಣಿಚೀಲದ ತುಂಡು. ಈರಮ್ಮ ಗುರುತು ಹಿಡಿಯದಿದ್ದರೆ ಅದರಲ್ಲಿ ಅವಳ ತಪ್ಪೇನೂ ಇಲ್ಲ.

ನಾನು ಅದೇ ಗಿರಣಿಯಲ್ಲಿ ಅಕ್ಕಿಚೀಲದ ಬಾಯಿ ಹೊಲಿಯುವವನು. ಕೇರಿಯಲ್ಲಿ ನನ್ನದು ಈರಮ್ಮನ ಎದುರು ಮನೆ. ಅವಳಿಗೆ ಓದು ಬಾರದು.

"ಏನ್ ಬರದಾರ ಓದಪಾ" ಎಂದಳು.

"ಶಿವೈಕ್ಯ ಶ್ರೀ ಓಬಳೇಶನವರು. ಕಾಯಕಯೋಗಿ. ಜಲಶುದ್ಧಿ ಘಟಕದ ಗೌರವಾನ್ವಿತ ಮೇಲ್ವಿಚಾರಕರು."

"ಅವ್ರು ಅಂತ ಬರದಾರೇನು? ನಮ್ಮ ಮನಿಯಾಂವಗ?"

"ಹೂಂ ಅಕ್ಕ."

"ಶಿವೈಕ್ಯ ಅಂದ್ರ?"

"ಶಿವನ ಕೂಡ ಒಂದಾದ್ರು ಅಂತ."

ಅವಳು ಮತ್ತೆ ಫ್ಲೆಕ್ಸಿನ ಕಡೆ ಕತ್ತೆತ್ತಿದಳು. "ತೊಟ್ಯಾಗ ಶಿವ ಇದ್ನೇನು?"

ನಾನು ಕುರುಗೋಡಿನಲ್ಲಿ ಶ್ರಾವಣದ ಪುರಾಣ ಕೇಳುತ್ತ ಬೆಳೆದವನು. ಶಾಸ್ತ್ರಿಗಳು ಪದ್ಯ ಹಾಡಿ ಅರ್ಥ ಬಿಡಿಸುವಾಗ ಕಟ್ಟೆಯ ಕೆಳಗೆ ಕೂತು ಕೇಳಿದ್ದೇನೆ. ಶಿವ ಕಲ್ಲಿನಲ್ಲಿದ್ದಾನೆ, ನೀರಿನಲ್ಲಿದ್ದಾನೆ, ದುಡಿಯುವ ಕೈಯಲ್ಲಿದ್ದಾನೆ. ಭತ್ತ ನೆನೆಸಿದ ನೀರು ಹರಿದುಬಂದು ಕೊಳೆಯುವ ತೊಟ್ಟಿಯ ಬಗ್ಗೆ ಶಾಸ್ತ್ರಿಗಳು ಏನೂ ಹೇಳಿರಲಿಲ್ಲ.

ನಮ್ಮ ಗಿರಣಿಗೆ ಗೌರವ ಬಂದದ್ದು ಬಳ್ಳಾರಿಯಿಂದ.

ಧಣಿ ವಿರೂಪಾಕ್ಷಪ್ಪ ದೈವಭಕ್ತರು. ಪುರಾಣ ನಡೆದಲ್ಲಿ ಮುಂದಿನ ಸಾಲಿನಲ್ಲಿ ಕೂತು ಕಣ್ಣೀರು ಒರೆಸಿಕೊಳ್ಳುವವರು. ಪುರಾಣ ಮುಗಿದು ಚಪ್ಪಲಿ ಸಿಗದಿದ್ದರೆ ಮಾತ್ರ "ಎಲ್ಲಿ ಸತ್ರಲೇ ನಿಮ್ಮ" ಎಂದು ಶುರು ಮಾಡುತ್ತಿದ್ದರು. ಇಂಥವರಿಗೆ ಬಳ್ಳಾರಿಯ ಅಳಿಯ ಸಂಗಮೇಶ್ ಗಂಟುಬಿದ್ದ. ಓದಿದವನು. ಒಂದು ದಿನ ಮಾವನನ್ನು ಬಳ್ಳಾರಿಯ ದೊಡ್ಡ ಹೋಟೆಲಿನಲ್ಲಿ ನಡೆದ ತರಬೇತಿಗೆ ಕರೆದುಕೊಂಡು ಹೋದ. ಕೆಲಸಗಾರರನ್ನು ಯಾವ ಮಾತಿನಲ್ಲಿ ಕರೆಯಬೇಕು ಎಂಬ ತರಬೇತಿ. ಎಸಿ ಹಾಲ್, ಊಟಕ್ಕೆ ಬಾದಾಮಿ ಹಲ್ವ. ಧಣಿ ಬೇರೆ ಮನುಷ್ಯರಾಗಿ ಬಂದರು.

ಮರುದಿನ ಬಾಯ್ಲರಿನ ಪಕ್ಕದ ಗೋಡೆಗೆ ಬೋರ್ಡು ಬಂತು. ಹಸಿರು ಅಕ್ಷರ. ಇನ್ನು ಮುಂದೆ ಕೂಲಿ ಅನ್ನಬಾರದು, ಶ್ರಮಬಂಧು ಅನ್ನಬೇಕು. ಆಳು ಅನ್ನಬಾರದು, ಸಹೋದ್ಯೋಗಿ. ಕೇರಿ ಅನ್ನಬಾರದು, ಬಡಾವಣೆ. ಲೇ ಅನ್ನುವುದನ್ನು ಪೂರ್ತಿ ನಿಲ್ಲಿಸಬೇಕು, ದಯವಿಟ್ಟು ಅನ್ನಬೇಕು. ಕೊಳೆನೀರಿನ ತೊಟ್ಟಿ ಜಲಶುದ್ಧಿ ಘಟಕವಾಯಿತು. ನಾವು, ಕೇರಿಯವರು ಮಾತ್ರ, ಚಹಾ ಕುಡಿಯುವ ಕಾಗದದ ಲೋಟ ಪರಿಸರಸ್ನೇಹಿ ಲೋಟವಾಯಿತು. ಉಳಿದವರು ಪರಿಸರದ ಮೇಲೆ ಅಷ್ಟು ಪ್ರೀತಿಯಿಲ್ಲದ್ದರಿಂದ ಸ್ಟೀಲ್ ಲೋಟದಲ್ಲೇ ಕುಡಿಯುತ್ತಿದ್ದರು.

ಓಬಳೇಶನ ತಮ್ಮ ಉಚ್ಚೆಂಗೆಪ್ಪನಿಗೆ ಬಾಯಿ ಜಾಸ್ತಿ. ಬೋರ್ಡಿನ ಪೂಜೆಯ ದಿನ ಕೇಳಿಯೇಬಿಟ್ಟ.

"ಅಲ್ರಿ, ನಾವು ಧಣಿ ಅನ್ನಾದು ಬಿಡಬೇಕೇನ್ರಿ ಮತ್ತ?"

ವಿರೂಪಾಕ್ಷಪ್ಪನವರು ಹೊಟ್ಟೆ ಕುಣಿಸಿ ನಕ್ಕರು. "ಅದು ನಿಮ್ಮ ಪ್ರೀತಿಪಾ. ಪ್ರೀತಿಗೆ ನಾ ಹೆಂಗ ಅಡ್ಡ ಬರ್ಲಿ?"

ಎಲ್ಲರಿಗಿಂತ ಕಷ್ಟವಾದದ್ದು ಸೂಪರ್‌ವೈಸರ್ ಜಂಬಣ್ಣನಿಗೆ. ಅವನ ಬಾಯಿಂದ ಲೇ ಇಲ್ಲದೆ ಒಂದು ಮಾತು ಹೊರಟದ್ದಿಲ್ಲ. ಮೊದಮೊದಲು "ಲೇ, ದಯವಿಟ್ಟು ಎತ್ರಿಲೇ" ಅನ್ನುತ್ತಿದ್ದ. ಆಮೇಲೆ ಸುಧಾರಿಸಿದ. "ಸಹೋದ್ಯೋಗಿಗಳೇ, ಲಾರಿ ನಿಂತೈತಿ, ದಯವಿಟ್ಟು ಬೇಗ ಎತ್ರಿ, ನಿಮ್ಮ ಪೂಜ್ಯ ತಾಯಿಯವರ…" ಅಂದು ನಿಲ್ಲಿಸುತ್ತಿದ್ದ. ಮುಂದಿನದು ಬೋರ್ಡಿನಲ್ಲಿ ಇರಲಿಲ್ಲ. ಹಮಾಲರು ಬೆನ್ನ ಮೇಲಿನ ಚೀಲ ಬೀಳುವಂತೆ ನಗುತ್ತಿದ್ದರು.

"ಯಣ್ಣಾ, ನಮ್ಮವ್ವನ್ನ ಬೈಯೋದಾದ್ರ ಮೊದ್ಲಿನಂಗ ಬೈಯಿ. ಹಿಂಗ ಮರ್ಯಾದಿ ಕೊಟ್ಟು ಬೈದ್ರ ಅಂಜಿಕಿ ಬರ್ತೈತಿ" ಎಂದಿದ್ದ ಓಬಳೇಶ.

ಚೀಲ ಅಷ್ಟೇ ಭಾರ ಇತ್ತು. ತೌಡಿನ ದೂಳು ಅಷ್ಟೇ ಇತ್ತು. ಆದರೆ ಬಳ್ಳಾರಿಯ ತರಬೇತಿಯವರು ಪ್ರಶಸ್ತಿ ಕೊಡುತ್ತಾರೆ ಎಂಬ ಸುದ್ದಿ ಬಂತು. ಸಂಗಮೇಶ್ ಮೊಬೈಲು ಹಿಡಿದು ಗಿರಣಿಯೆಲ್ಲ ಓಡಾಡಿ ಗೌರವದ ವಿಡಿಯೋ ತೆಗೆಯತೊಡಗಿದ.

ಆ ಹೊತ್ತಿಗೇ ತೊಟ್ಟಿಯ ಪಂಪು ಕಟ್ಟಿಕೊಂಡಿತು.

ತೊಟ್ಟಿಯ ನೀರು ಮೇಲೆ ತಿಳಿಯಾಗಿ ಕಂಡರೂ ತಳದಲ್ಲಿ ಭತ್ತದ ಕೊಳೆ ಮೊಣಕಾಲುದ್ದ ಇರುತ್ತದೆ. ಅದನ್ನು ಕಲಕಿದರೆ ಗ್ಯಾಸು ಏಳುತ್ತದೆ. ಮೂಗಿಗೆ ಬಡಿದವನಿಗೆ ತಲೆ ಸುತ್ತುತ್ತದೆ, ಆಮೇಲೆ ಏನೂ ಗೊತ್ತಾಗುವುದಿಲ್ಲ. ಇದಕ್ಕೆ ಮಷಿನ್ ಬರುತ್ತದೆ. ನಮ್ಮ ಗಿರಣಿಗೆ ಬಂದಿರಲಿಲ್ಲ. ಜಲಶುದ್ಧಿ ಘಟಕದ ಗೌರವಾನ್ವಿತ ಮೇಲ್ವಿಚಾರಕರು ಇರುವಾಗ ಮಷಿನ್ ಯಾಕೆ?

ನಾನು ಹೊಲಿಗೆ ಬಿಟ್ಟು ನೀರು ಕುಡಿಯಲು ಬಂದವನು ಎಲ್ಲವನ್ನೂ ನೋಡಿದೆ. ಓಬಳೇಶ ಏಣಿ ಇಳಿದು ಕೊಳೆ ತೋಡುತ್ತಿದ್ದ. ಮೇಲೆ ಜಂಬಣ್ಣ, ಪಕ್ಕದಲ್ಲಿ ಮೊಬೈಲು ಹಿಡಿದ ಸಂಗಮೇಶ್. ಓಬಳೇಶನ ಕಾಲು ನಡುಗಿದವು. ಜಂಬಣ್ಣ ಬಗ್ಗಿ, "ಲೇ ಓ…" ಅಂದ.

ಸಂಗಮೇಶ್ ಬೆರಳೆತ್ತಿದ. ವಿಡಿಯೋ ನಡೆಯುತ್ತಿತ್ತು.

ಜಂಬಣ್ಣ ಬೋರ್ಡನ್ನು ನೆನಪು ಮಾಡಿಕೊಂಡ. "ಓಬಳೇಶನವರೇ, ದಯವಿಟ್ಟು ಮೇಲೆ ಬರ್ರಿ!"

ಓಬಳೇಶ ತಲೆಯೆತ್ತಲಿಲ್ಲ. ತೊಟ್ಟಿಯೊಳಗೇ ಹಿಂದಕ್ಕೆ ಹೊರಳಿ ನೋಡಿದ. ಅಲ್ಲಿ ಇನ್ನೊಬ್ಬರು ಯಾರೋ ಇದ್ದಾರೆ, ದೊಡ್ಡವರು, ಅವರನ್ನು ಕರೆಯುತ್ತಿದ್ದಾರೆ ಎಂದುಕೊಂಡನೋ ಏನೋ. ಹುಟ್ಟಿದಾಗಿನಿಂದ ಆ ಹೆಸರಿನಿಂದ ಅವನನ್ನು ಯಾರೂ ಕರೆದಿರಲಿಲ್ಲ. ಯಾರೂ ಕಾಣದೆ, ದಣಿದವನ ಹಾಗೆ ಕೊಳೆಯಲ್ಲಿ ಕೂತುಬಿಟ್ಟ.

ಚೀಲ ಒಗೆದು ಓಡಿಬಂದ ಉಚ್ಚೆಂಗೆಪ್ಪ ಕೂಗಿದ. "ಲೇ ಓಬ್ಳಣ್ಣಾ! ಏಳಲೇ!"

ಆಗ ತಲೆಯೆತ್ತಿದ. ಒಂದು ಕೈಯನ್ನೂ ಎತ್ತಿದ. ಆ ಗ್ಯಾಸಿಗೆ ಏಣಿ ಇಳಿದವನೂ ಬೀಳುತ್ತಿದ್ದ, ಹಿಡಿದುಕೊಳ್ಳಲು ಹಗ್ಗ ಬೇಕಿತ್ತು. ಗಿರಣಿಯಲ್ಲಿ ಸುತಳಿ ಇತ್ತು, ಚೀಲ ಹೊಲಿಯುವ ಟ್ವೈನ್ ದಾರ ಇತ್ತು, ಹೊಸ ಬೋರ್ಡಿಗೆ ಕಟ್ಟಿದ ಹೂವಿನ ಹಾರ ಇತ್ತು. ಹಗ್ಗ ಇರಲಿಲ್ಲ.

ಅಂದಿನಿಂದ ತೊಟ್ಟಿಗೆ ಸೀಲು. ಸರಕಾರದಿಂದ ವಿಚಾರಣೆಗೆ ಬಂದ ಸಾಹೇಬರು ವಿಜಯಕುಮಾರ ಎಂಬವರು. ಅವನಾಗಿ ಇಳಿದನೋ, ಇವರು ಇಳಿಸಿದರೋ ಎಂದು ಅವರು ಬರೆಯಬೇಕು. ಅವನಾಗಿ ಇಳಿದ ಅಂತಾದರೆ ಸೀಲು ತೆಗೆಯುತ್ತಾರೆ, ಗಿರಣಿ ಶುರುವಾಗುತ್ತದೆ, ತೊಟ್ಟಿಗೆ ಮುಂದೆ ಇಳಿಯುವವನು ಉಚ್ಚೆಂಗೆಪ್ಪ. ಅವನಿಗೆ ಆಗಲೇ ಹೇಳಿಕಳಿಸಿದ್ದರು, ದಯವಿಟ್ಟು ಸಹಿತ. ಇಳಿಸಿದರು ಅಂತಾದರೆ ಮಷಿನ್ ಬರುವವರೆಗೆ ಸೀಲು ತೆಗೆಯುವ ಹಾಗಿಲ್ಲ, ಧಣಿಯ ಮೇಲೆ ಕೇಸು.

ಆದ್ದರಿಂದ ನುಡಿನಮನ ಏರ್ಪಾಡಾಯಿತು. ಮುಖ್ಯ ಅತಿಥಿ ವಿಜಯಕುಮಾರ ಸಾಹೇಬರು.

ಫ್ಲೆಕ್ಸಿನ ಕೆಳಗಿನಿಂದ ಈರಮ್ಮನನ್ನು ಸಂಗಮೇಶನೇ ಆಫೀಸಿನೊಳಗೆ ಕರೆದ. ಕುರ್ಚಿ ಕೊಟ್ಟ. ಆ ಕುರ್ಚಿಯಲ್ಲಿ ನಮ್ಮ ಕೇರಿಯವರು ಕೂತದ್ದನ್ನು ನಾನು ನೋಡಿರಲಿಲ್ಲ. ಸ್ಟೀಲ್ ಲೋಟದಲ್ಲಿ ಚಹಾ ಬಂತು. ಪರಿಸರವನ್ನು ಅಂದು ಎಲ್ಲರೂ ಮರೆತಿದ್ದರು.

"ಅಮ್ಮಾ, ಹೆಚ್ಚೇನಿಲ್ಲ. ಮೈಕಿನಲ್ಲಿ ಎರಡೇ ಮಾತು. 'ನಮ್ಮ ಯಜಮಾನರು ಸೇವಾ ಮನೋಭಾವದಿಂದ ಸ್ವ‌ಇಚ್ಛೆಯಿಂದ ಇಳಿದರು. ಧಣಿಗಳು ಬೇಡ ಅಂದರೂ ಕೇಳಲಿಲ್ಲ.' ಅಷ್ಟೇ."

"ಸ್ವ‌ಇಚ್ಛೆ ಅಂದ್ರೇನ್ರಿ?"

"ತಾವಾಗಿಯೇ ಇಷ್ಟಪಟ್ಟು."

"ಆ ನಾತಕ್ಕ ಯಾರ್ ಇಷ್ಟಪಡ್ತಾರ್ರಿ?"

"ಹಾಗೆ ಹೇಳೋದು ಗೌರವ, ಅಮ್ಮಾ. ಕೆಲಸಕ್ಕೆ ದೂಡಿದರು ಅಂದರೆ ಅವರ ಘನತೆ ಏನಾಗುತ್ತದೆ? ತೊಟ್ಟಿ ಅಂತಲೂ ಅನ್ನಬೇಡಿ. ಘಟಕ."

ಈರಮ್ಮ ಚಹಾ ಮುಟ್ಟಲಿಲ್ಲ. ಹೊರಗೆ ಬಂದವಳನ್ನು ಹೆಂಗಸರು ಸುತ್ತಿದರು. ಗಿರಣಿ ನಿಂತು ಎಲ್ಲರ ಮನೆಯ ಒಲೆಯೂ ತಣ್ಣಗಿತ್ತು. "ಹೇಳಿಬಿಡಬೇ, ಹೋದಾಂವ ಬರಾಂವಲ್ಲ" ಎಂದರು ಕೆಲವರು. ಉಚ್ಚೆಂಗೆಪ್ಪ ಗೋಡೆಗೆ ಒರಗಿ ನಿಂತಿದ್ದ. ಅವಳು ಅವನ ಮುಖ ನೋಡಿದಳು. ಅವನು ನೆಲ ನೋಡಿದ.

ಗಿರಣಿಯಂಗಳದಲ್ಲಿ ಶಾಮಿಯಾನ. ಭತ್ತ ಒಣಹಾಕುವ ಜಾಗದಲ್ಲೇ ನಾವು ಕೂತೆವು. ವೇದಿಕೆಯ ಮೇಲೆ ಸಾಹೇಬರು, ಧಣಿ, ಅಳಿಯ. ಮೊದಲು ಧಣಿ ಮಾತಾಡಿದರು. "ಓಬಳೇಶನವರು ನಮ್ಮ ಮನಿಯ ಮಗ ಇದ್ದಂಗ" ಅಂದರು. ಧಣಿಯ ಮನೆಯ ಪಡಸಾಲೆ ಯಾವ ಬಣ್ಣ ಎಂದು ಆ ಮಗನಿಗೆ ಗೊತ್ತಿರಲಿಲ್ಲ. ಅವನು ಹಿತ್ತಿಲ ಬಾಗಿಲವರೆಗೆ ಮಾತ್ರ ಹೋಗಿದ್ದ. "ಅವರನ್ನ ಕೊನಿ ಗಳಿಗ್ಯಾಗೂ ಗೌರವದಿಂದಲೇ ಕರದೀವಿ, ವಿಡಿಯೋ ಐತಿ" ಅಂದರು. ಜಂಬಣ್ಣ ಕಂಬದ ಹಿಂದೆ ನಿಂತು ಮುಖ ಮುಚ್ಚಿಕೊಂಡ.

ಈರಮ್ಮನಿಗೆ ಶಾಲು ಹೊದಿಸಿದರು. ಮೈಕು ಕೊಟ್ಟರು. ಸಂಗಮೇಶ್ ಪಕ್ಕದಲ್ಲಿ ನಿಂತು ತುಟಿಯಲ್ಲೇ "ಸ್ವ‌ಇಚ್ಛೆ" ಎಂದ.

"ಸಾಹೇಬ್ರ," ಎಂದಳು ಈರಮ್ಮ. "ಅವತ್ತು ಮುಂಜಾನಿ ಜಂಬಣ್ಣ ನಮ್ಮ ಮನಿತನ ಬಂದಿದ್ದ. ಧಣಿ ಹೇಳ್ಯಾರ, ದಯವಿಟ್ಟು ಬರ್ರಿ, ಪಂಪು ಕಟ್ಟೈತಿ ಅಂದ. ನಮ್ಮ ಮನಿಯಾಂವಗ ಮೈಯಾಗ ಆರಾಮ ಇರ್ಲಿಲ್ಲ. ಹೋಗಬ್ಯಾಡ ಅಂದೆ. ನಕ್ಕ. 'ದಯವಿಟ್ಟು ಅಂದಾರ ನೋಡಲೇ. ಹುಟ್ಟಿದಾಗಿಂದ ಮನಿತನ ಬಂದು ಒಬ್ರೂ ಅಂದಿಲ್ಲ. ಹೆಂಗ ಒಲ್ಲೆ ಅನ್ನಾದು?' ಅಂದ. ಅಂಗಿ ಬಿಚ್ಚಿ ಗೂಟಕ್ಕ ಹಾಕಿ ಹೋದ."

ಸಂಗಮೇಶ್ ಮೈಕಿಗೆ ಕೈ ಚಾಚಿದ. ಅವಳು ಬಿಡಲಿಲ್ಲ.

"ಜಂಬಣ್ಣ ಲೇ ಅಂದಿದ್ರ ಬದುಕ್ತಿದ್ದ ಅಂತ ಕೇರ್ಯಾಗ ಮಾತಾಡ್ತಾರ. ನನಗ ಅದು ಬ್ಯಾಡ. ಲೇ ಅಂದ್ರೂ ಇಳೀಬೇಕು, ಅವ್ರೇ ಅಂದ್ರೂ ಇಳೀಬೇಕು. ಇಳದಾವ್ರು ಯಾವತ್ತೂ ನಾವ ಅದೀವಿ. ಹಗ್ಗ ಎಲ್ಲಿತ್ರಿ? ಅದೊಂದು ಬರಕೋರಿ ಸಾಹೇಬ್ರ."

ಕರೆಂಟು ಹೋಗಲಿಲ್ಲ, ಮೈಕು ಮಾತ್ರ ಸತ್ತಿತು. ಯಾರೋ ವೈರು ಕಿತ್ತಿದ್ದರು. ಕೆಳಗೆ ಕೂತಿದ್ದ ಉಚ್ಚೆಂಗೆಪ್ಪ ಎದ್ದು ನಿಂತ. ಅವನ ಪಕ್ಕದವನೂ ಎದ್ದ. ಹೇಳಿಬಿಡಬೇ ಎಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ನಾನೂ ಎದ್ದೆ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದು, ಧಣಿಯ ಕಡೆ ನೋಡಿ, ಮತ್ತೆ ಹಾಕಿದರು.

ವಿರೂಪಾಕ್ಷಪ್ಪನವರು ಅನುಭವಸ್ಥರು. ಸಿಟ್ಟಾಗಲಿಲ್ಲ. ಎದ್ದುಬಂದು, ಎಲ್ಲರೂ ನೋಡುವ ಹಾಗೆ ಈರಮ್ಮನಿಗೆ ಎರಡೂ ಕೈ ಮುಗಿದರು. ಪುರಾಣದಲ್ಲಿ ಬರುವಂಥ ಇಂಪು ದನಿ.

"ಈರಮ್ಮನವರೇ, ದುಃಖದಾಗ ಅದೀರಿ. ಬಾಯಿ ತಪ್ಪಿ ಏನೇನೋ ಬಂತು. ನಿಮ್ಮ ಅಣ್ಣ ಕೇಳ್ಕೊಳ್ಳಾಕತ್ತೀನಿ ಅಂತ ತಿಳೀರಿ. ಸಾಹೇಬ್ರ ಮುಂದ ಇನ್ನೊಂದು ಸಲ ಬರೋಬ್ಬರಿ ಹೇಳಿಬಿಡ್ರಿ, ತಾಯಿ. ದಯವಿಟ್ಟು."

ಈರಮ್ಮ ಹೆಗಲ ಶಾಲು ತೆಗೆದು ಮಡಚಿ ಕುರ್ಚಿಯ ಮೇಲಿಟ್ಟಳು. ಮೈಕು ಬೇಕಾಗಲಿಲ್ಲ.

"ಹೇಳಂಗಿಲ್ಲ, ವಿರೂಪಾಕ್ಷಪ್ಪ."